ನಮ್ಮ ಹುಡುಗಿಯರ ಮೊದಲನೆಯ ಬಿಲ್ಲು

ಕಳೆದ ದೀಪಾವಳಿಯ ಸೂಟಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಿಶ್ರಿಕೋಟಿಯಲ್ಲಿ ಸಭೆ ಕೂಡಿದಾಗ ಒಂದು ಸೂಚನೆಯು ಬಂದಿತು. ಶಾಲೆಯ ಹಿಂಬದಿಯ ಬಯಲಿನಲ್ಲಿ ಮೂರು ವರ್ಷಗಳಿಂದ ನಡೆದುಬಂದಿರುವ ಬಿಲ್ವಿದ್ಯೆಯ ವರ್ಗಕ್ಕೆ ಎಲ್ಲರೂ ವರ್ಗಣಿ ಕೂಡಿಸಿ ಒಂದು ಉತ್ತಮವಾದ ಬಿಲ್ಲನ್ನು ಕಾಣಿಕೆಯಾಗಿ ಕೊಡಬೇಕು. ಅದು ಒಲಿಂಪಿಕ್ ಪಂದ್ಯಗಳಲ್ಲಿ ಹಿಡಿಯುವಂಥ ಬಿಲ್ಲೇ ಆಗಿರಬೇಕು. ಅದರ ಪೆಟ್ಟಿಗೆಯ ಮೇಲೆ ಕೊಟ್ಟವರ ವರ್ಷವನ್ನು ಕೆತ್ತಿಸಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖ್ಯಾಧ್ಯಾಪಿಕೆಯಾದ ನಾನೂ ತಟ್ಟಿದೆನು. ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಪ್ರೀತಿಯಿಂದ ಕೊಡಬಂದವರ ಮುಂದೆ ಬೇಡವೆನ್ನಲು ನಾಚಿ, ಆಡಬೇಕಾಗಿದ್ದ ಮಾತನ್ನು ನುಂಗಿಕೊಂಡು ಬಂದೆನೆಂಬದೇ ಅದಕ್ಕೆ ಕಾರಣ. ಆ ಮಾತನ್ನು ಈ ಸ್ಮರಣ ಸಂಚಿಕೆಯಲ್ಲಿ ಆಡಿಬಿಡುವೆನು. ಆ ಬಿಲ್ಲು ನಮಗೆ ಬೇಡ. ಅದರ ಕ್ರಯದಲ್ಲಿ ಹಗುರಾದ, ಸಾದಾ ಬಿಲ್ಲುಗಳು ಎಷ್ಟು ಬರುವವೋ ಅಷ್ಟನ್ನು ಕೊಡಿರಿ. ಮಗಳಿಗೆ ಮನೆಯಲ್ಲಿಯೇ ಒಂದು ಬಿಲ್ಲು ಕೊಡಿಸಬೇಕೆಂದು ನನ್ನನ್ನು ಕೇಳುತ್ತಿರುವ ಪಾಲಕರಿಗೂ ನನ್ನ ಉತ್ತರವು ಇದೇ ಆಗಿರುವದು.

ನಾನು ಬಿಲ್ಲುಗಾರ್ತಿಯಲ್ಲ. ನಮ್ಮ ಹುಡುಗಿಯರಿಗೆ ಕಲಿಸುವವರು ಶಾಲೆಯ ದೈಹಿಕ ಶಿಕ್ಷಕಿಯವರು. ನಾನು ಅವರಿಂದ ಕೇಳಿ ತಿಳಿದವಳು, ಮತ್ತು ಕೈಸುಟ್ಟುಕೊಂಡು ತಿಳಿದವಳು. ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಮೊದಲ ವಾರದಲ್ಲಿಯೇ ಕಲಿಸಿದ ಸೂತ್ರವೊಂದು: ತಿಳಿದುದರಿಂದ ತಿಳಿಯದುದಕ್ಕೆ, ಸುಲಭದಿಂದ ಕಠಿಣಕ್ಕೆ ಮಗುವನ್ನು ನಡಿಸಬೇಕೆಂಬದು. ಇದನ್ನು ನಾನು ಇಪ್ಪತ್ತು ವರ್ಷಗಳ ಕಾಲ ಹೊಸ ಶಿಕ್ಷಕಿಯರಿಗೆ ಹೇಳುತ್ತ ಬಂದಿದ್ದೇನೆ. ಬಾರಾಖಡಿ ಕಲಿಯುವ ಮಗುವಿನ ಕೈಗೆ ಮಹಾಕಾವ್ಯವನ್ನು ಕೊಡುವವರಿಲ್ಲ. ಆದರೆ ಬಿಲ್ಲು ಕೊಳ್ಳುವ ಹೊತ್ತಿನಲ್ಲಿ ನಾನು ಆ ಸೂತ್ರವನ್ನು ಮರೆತೆನು.

ಆದದ್ದು ಹೀಗೆ. ವರ್ಗವನ್ನು ಆರಂಭಿಸಿದ ವರ್ಷ ಶಾಲೆಯ ಹಣದಲ್ಲಿ ನಾಲ್ಕು ಬಿಲ್ಲುಗಳನ್ನು ತರಿಸಿದೆವು. ಅಂಗಡಿಯವರು ಯಾವ ತೂಕದ್ದು ಬೇಕೆಂದು ಕೇಳಿದರು. ಶಿಕ್ಷಕಿಯವರು ಹಗುರಾದದ್ದೇ ಸಾಕೆಂದರು. ನಾನು ಒಪ್ಪಲಿಲ್ಲ. ಹಗುರಾದದ್ದು ಒಂದು ವರ್ಷಕ್ಕೆ ಸಾಲದಾಗುವದು, ಮತ್ತೆ ಖರ್ಚು ಬರುವದು. ಸ್ವಲ್ಪ ಬಿರುಸಾದದ್ದನ್ನೇ ತಂದರೆ ಹತ್ತನೆಯ ಇಯತ್ತೆಯ ವರೆಗೆ ಬಾಳುವದು ಎಂದು ಲೆಕ್ಕ ಹಾಕಿದೆನು. ಜೂನ್ ತಿಂಗಳಲ್ಲಿ ಸಮವಸ್ತ್ರವನ್ನು ಹೊಲಿಸುವಾಗ ನಮ್ಮ ತಾಯಂದಿರು ಮಾಡುವ ಲೆಕ್ಕವೂ ಇದೇ. ‘ಬೆಳಿಯೋ ಹುಡುಗಿ, ಎರಡು ಬಟ್ಟು ಹೆಚ್ಚಿಗೆ ಬಿಡ್ರಿ’ ಎಂದು ಸಿಂಪಿಗನಿಗೆ ಹೇಳಿ, ಅಂಚನ್ನು ಮಡಚಿಸಿ, ವರ್ಷಕ್ಕೊಮ್ಮೆ ಬಿಚ್ಚುತ್ತ ಹೋಗುವರು. ಅಂಗಿಯ ವಿಷಯದಲ್ಲಿ ಇದು ಜಾಣತನ. ಬಿಲ್ಲಿಗೆ ಮಡಚುವ ಅಂಚಿಲ್ಲ.

ಎಂಟನೆಯ ಇಯತ್ತೆಯಲ್ಲಿ ಆಗ ಒಬ್ಬ ಹುಡುಗಿ ಇದ್ದಳು. ಹತ್ತಿರದ ಹಳ್ಳಿಯ ಒಕ್ಕಲಿಗರ ಮಗಳು, ಸಣ್ಣ ಮೈಕಟ್ಟು, ಕಣ್ಣು ಮಾತ್ರ ಬಲು ಚುರುಕು. ಕಲ್ಲು ಬೀಸಿ ತಾನು ತೋರಿಸಿದ ಹುಣಸೆಯ ಬೋಟನ್ನೇ ಉದುರಿಸುವವಳು. ಬಿಲ್ವಿದ್ಯೆಯು ಇವಳಿಗಾಗಿಯೇ ಬಂದಿದೆ ಎಂದು ನಾವು ಅಂದುಕೊಂಡೆವು. ಮೊದಲ ದಿನ ಬಿಲ್ಲನ್ನು ಎಳೆಯುವಾಗ ಅವಳ ಹೆಗಲು ಕಿವಿಯ ವರೆಗೆ ಏರಿತು, ಸೊಂಟವು ಹಿಂದಕ್ಕೆ ಬಾಗಿತು, ಹೆದೆಯು ಗದ್ದವನ್ನು ಮುಟ್ಟುವದರೊಳಗೆ ಬೆರಳು ಜಾರಿತು. ಮುಂದೋಳಿಗೆ ಹೆದೆಯು ಬಡಿದು ನೀಲಿಗಟ್ಟಿತು. ರೂಢಿಯಾದರೆ ಸರಿಹೋಗುವದೆಂದು ನಾನೇ ಧೈರ್ಯ ಹೇಳಿದೆನು. ಅವಳು ಹಟದ ಹುಡುಗಿ. ಮೂರು ವಾರ ಬಿಡದೆ ಎಳೆದಳು. ನಾಲ್ಕನೆಯ ವಾರ ಅವಳ ತಾಯಿ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ‘ಅಕ್ಕೋರ, ನನ್ನ ಮಗಳಿಗೆ ರೊಟ್ಟಿ ಬಡಿಯಾಕ ಕೈ ಎತ್ತಾಕ ಆಗವಲ್ದು’ ಎಂದಳು. ಕೂಗಾಡಲಿಲ್ಲ, ದೂರಲಿಲ್ಲ. ಅಷ್ಟೇ ಹೇಳಿ ಹೋದಳು. ವೈದ್ಯರು ಒಂದೂವರೆ ತಿಂಗಳ ವಿಶ್ರಾಂತಿಯನ್ನು ಹೇಳಿದರು. ಹೆಗಲೇನೋ ವಾಸಿಯಾಯಿತು, ಹುಡುಗಿ ಮಾತ್ರ ಬಯಲಿಗೆ ತಿರುಗಿ ಬರಲಿಲ್ಲ. ಹಗುರಾದ ಬಿಲ್ಲನ್ನು ತರಿಸಿದ ಮೇಲೆ ಕರೆದೆನು. ‘ನಾ ಒಲ್ಲೆ ಅಕ್ಕೋರ’ ಎಂದಳು. ಈ ತಪ್ಪಿನಲ್ಲಿ ಅಂಗಡಿಯವರ ಪಾಲು ಏನೂ ಇಲ್ಲ; ಅವರು ನಾನು ಕೇಳಿದ್ದನ್ನೇ ಕೊಟ್ಟರು.

ಆದಕಾರಣ ಪಾಲಕರು ಮೊದಲು ತಿಳಿಯಬೇಕಾದದ್ದು ಬಿಲ್ಲಿನ ತೂಕವೆಂದರೇನು ಎಂಬದನ್ನು. ಇದು ತಕ್ಕಡಿಯಲ್ಲಿಟ್ಟು ತೂಗುವ ತೂಕವಲ್ಲ; ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಬೆರಳುಗಳ ಮೇಲೆ ಬೀಳುವ ಭಾರ. ಇದನ್ನು ಪೌಂಡುಗಳಲ್ಲಿ ಎಣಿಸುವರು. ಒಂದು ಪೌಂಡೆಂದರೆ ಸುಮಾರು ೪೫೩ ಗ್ರಾಂ, ಅಂದರೆ ಅರ್ಧ ಕಿಲೋಕ್ಕೆ ತುಸು ಕಡಿಮೆ. ಬಿಲ್ಲಿನ ಕೆಳಗಿನ ತೋಳಿನ ಒಳಮೈ ಮೇಲೆ ೬೬, ೩೦ ಎಂದು ಎರಡು ಅಂಕೆಗಳನ್ನು ಬರೆದಿರುವರು. ಮೊದಲನೆಯದು ಬಿಲ್ಲಿನ ಉದ್ದ, ಇಂಚುಗಳಲ್ಲಿ. ಎರಡನೆಯದು ಹೆದೆಯನ್ನು ೨೮ ಇಂಚು ಎಳೆದಾಗ ಬರುವ ಭಾರ. ಚಿಕ್ಕ ಹುಡುಗಿಯ ಎಳೆತವು ೨೮ ಇಂಚು ಮುಟ್ಟುವದಿಲ್ಲ. ಒಂದೊಂದು ಇಂಚು ಕಡಿಮೆಯಾದಂತೆ ಒಂದರಿಂದ ಎರಡು ಪೌಂಡು ಭಾರವೂ ಇಳಿಯುವದು. ನಾನು ಮೇಲೆ ಹೇಳಿದ ಹುಡುಗಿಯು ೩೦ರ ಬಿಲ್ಲನ್ನು ಎಳೆದಾಗ ಅವಳ ಬೆರಳಿಗೆ ಬಿದ್ದದ್ದು ಸುಮಾರು ೨೨ ಪೌಂಡು, ಎಂದರೆ ೧೦ ಕಿಲೋ. ‘ಎರಡು ಕೊಡ ನೀರು ಹೊತ್ತು ತರೂ ಹುಡುಗಿಗೆ ಹತ್ತು ಕಿಲೋ ಏನು ದೊಡ್ಡದು?’ ಎಂದು ಒಬ್ಬ ಪಾಲಕರು ನನ್ನನ್ನು ಕೇಳಿದ್ದುಂಟು. ಕೇಳತಕ್ಕ ಮಾತೇ. ಆದರೆ ಕೊಡದ ಭಾರವು ನೆಟ್ಟಗೆ ಎಲುಬಿನ ಮೇಲೆ ಕೂಡ್ರುವದು; ಬಿಲ್ಲಿನ ಭಾರವನ್ನು ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ ಇರುವ ಸ್ನಾಯುಗಳು ಎಳೆದು ಹಿಡಿಯಬೇಕು. ದಿನದ ಕೆಲಸದಲ್ಲಿ ಆ ಸ್ನಾಯುಗಳಿಗೆ ಇಂಥ ದುಡಿಮೆ ಬರುವದಿಲ್ಲ. ಅವು ಸೋತಾಗ ಹೆಗಲು ಮತ್ತು ರಟ್ಟೆ ಆ ಕೆಲಸಕ್ಕೆ ಬರುವವು. ಅಲ್ಲಿಯೇ ನೋವು ಹುಟ್ಟುವದು. ಅಲ್ಲದೆ ಎಳೆಯುವದು ಒಮ್ಮೆ ಅಲ್ಲ. ಒಂದು ಸಾಯಂಕಾಲದಲ್ಲಿ ೬೦ ಬಾಣ ಬಿಡುವ ಹುಡುಗಿಯು ೧೦ ಕಿಲೋದ ಬಿಲ್ಲಿನಿಂದ ೬೦೦ ಕಿಲೋ ಎಳೆದಂತಾಯಿತು. ಕ್ವಿಂಟಲಿನ ಆರು ಜೋಳದ ಚೀಲಗಳು. ೧೮ರ ಬಿಲ್ಲನ್ನು ಕೊಟ್ಟಿದ್ದರೆ ಅದೇ ಹುಡುಗಿಗೆ ಪ್ರತಿಯೊಂದು ಎಳೆತಕ್ಕೆ ಆರು ಕಿಲೋ ಬೀಳುತ್ತಿತ್ತು.

ಭಾರವು ಹೆಚ್ಚಾದಾಗ ಕೆಡುವದು ಹೆಗಲು ಒಂದೇ ಅಲ್ಲ, ಕಲಿಕೆಯೂ ಕೆಡುವದು. ಬಿಲ್ವಿದ್ಯೆಯೆಂದರೆ ಒಂದೇ ಕ್ರಿಯೆಯನ್ನು ಸಾವಿರ ಸಲ ಒಂದೇ ರೀತಿಯಾಗಿ ಮಾಡುವದು: ಕಾಲಿನ ನಿಲುವು, ಹಿಡಿಕೆಯ ಮೇಲೆ ಅಂಗೈ, ಗದ್ದದ ಕೆಳಗೆ ಬೆರಳಿನ ಠಿಕಾಣಿ, ಹೆದೆಯನ್ನು ಬಿಡುವ ಬಗೆ. ಇವುಗಳ ಕಡೆಗೆ ಲಕ್ಷ್ಯ ಕೊಡಬೇಕಾದ ಹುಡುಗಿಯು ಭಾರದ ಸಂಗಡ ಕುಸ್ತಿಗೆ ನಿಂತರೆ, ಅವಳ ಮೈ ಕಲಿಯುವದು ಕುಸ್ತಿಯನ್ನೇ. ಹೀಗೆ ಕಲಿತ ತಪ್ಪನ್ನು ಬಿಡಿಸಲಿಕ್ಕೆ ಎರಡು ವರ್ಷ ಬೇಕೆಂದು ನಮ್ಮ ಶಿಕ್ಷಕಿಯವರು ಹೇಳುವರು. ಹೊಸ ಹೋರಿಯನ್ನು ಮೊದಲ ದಿನವೇ ನೇಗಿಲಿಗೆ ಹೂಡುವ ಒಕ್ಕಲಿಗನನ್ನು ನಮ್ಮ ಸುತ್ತಿನ ಹಳ್ಳಿಗಳಲ್ಲಿ ನಾನು ಕಂಡಿಲ್ಲ.

ಆದರೂ ದೊಡ್ಡ ಬಿಲ್ಲಿನ ಮೇಲೆ ನಮಗೆಲ್ಲರಿಗೆ ಇಷ್ಟು ಮೋಹವು ಯಾಕೆ? ನನಗೆ ತೋಚುವ ಕಾರಣವು ನಾವು ಚಿಕ್ಕಂದಿನಿಂದ ಕೇಳಿದ ಕಥೆಗಳಲ್ಲಿದೆ. ಶಿವಧನುಸ್ಸನ್ನು ಎತ್ತಲಾರದೆ ಅರಸರೆಲ್ಲರೂ ಸೋತರು. ದ್ರೌಪದಿಯ ಸ್ವಯಂವರದಲ್ಲಿ ಹೆದೆಯೇರಿಸಲಾರದೆ ನಾಚಿ ಕುಳಿತರು. ಗ್ರೀಕರ ಕಥೆಯಲ್ಲಿಯೂ ಒಡಿಸ್ಯೂಸನ ಬಿಲ್ಲನ್ನು ಅವನ ಹೊರತು ಯಾರೂ ಬಾಗಿಸಲಿಲ್ಲ. ನಮ್ಮ ಜಿಲ್ಲೆಗಂತೂ ಈ ಕಥೆಗಳು ಮನೆಯ ಮಾತು. ಅರ್ಜುನನನ್ನು ನಾಯಕನನ್ನಾಗಿ ಮಾಡಿ ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪನು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳ ಮಗ. ಕನ್ನಡ ಭಾರತವನ್ನು ಹಾಡಿದ ಕುಮಾರವ್ಯಾಸನು ಹುಬ್ಬಳ್ಳಿಯ ಬಳಿಯ ಕೋಳಿವಾಡದವನು. ದಸರೆಯಲ್ಲಿ ಬನ್ನಿಯನ್ನು ಹಂಚುವಾಗ ಪಾಂಡವರ ಆಯುಧಗಳು ಆ ಗಿಡದ ಮೇಲಿದ್ದವೆಂದು ಅಜ್ಜಿಯರು ಮಕ್ಕಳಿಗೆ ಹೇಳುವರು. ಹೀಗಾಗಿ ಬಿಲ್ಲು ಬಿರುಸಾದಷ್ಟೂ ಹಿಡಿದವನು ವೀರನೆಂಬ ಎಣಿಕೆಯು ನಮ್ಮಲ್ಲಿ ಬೇರೂರಿರುವದು. ಆದರೆ ಅದೇ ಕಥೆಯಲ್ಲಿ ಬನ್ನಿಯ ಗಿಡವನ್ನೇರಿದ ಉತ್ತರಕುಮಾರನು ಆ ಬಿಲ್ಲುಗಳನ್ನು ಕಂಡ ಮಾತ್ರಕ್ಕೆ ಬೆದರಿದನು. ಅವರೆಲ್ಲರೂ ಕಲಿತು ಮುಗಿಸಿದವರ ಬಿಲ್ಲುಗಳು. ಕಲಿಯುವ ದಿವಸಗಳಲ್ಲಿ ದ್ರೋಣನು ತನ್ನ ಶಿಷ್ಯರಿಗೆ ಒಡ್ಡಿದ ಪರೀಕ್ಷೆ ಯಾವದು? ಗಿಡದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದನು. ಯಾರ ಬಿಲ್ಲು ಎಷ್ಟು ಬಿರುಸೆಂದು ಕೇಳಲಿಲ್ಲ.

ಇನ್ನು ಕೊಳ್ಳುವ ವಿಷಯಕ್ಕೆ ಬರುವೆನು. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿಯೇ ನೋಡಬೇಕಾದವು ಎರಡುಂಟು, ಕಣ್ಣು ಮತ್ತು ಕೈಯಳತೆ.

ನಮ್ಮ ಎರಡು ಕಣ್ಣುಗಳಲ್ಲಿ ಒಂದು ಮುಂದಾಳು. ಮಗಳಿಗೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿಯನ್ನು ಮಾಡಿ, ಅದರೊಳಗಿಂದ ದೂರದ ಒಂದು ಗಿಡವನ್ನು ನೋಡಲು ಹೇಳಿರಿ. ಆ ಮೇಲೆ ಒಂದೊಂದೇ ಕಣ್ಣನ್ನು ಮುಚ್ಚಲಿ. ಯಾವ ಕಣ್ಣು ತೆರೆದಿರುವಾಗ ಗಿಡವು ಕಿಂಡಿಯಲ್ಲಿಯೇ ಉಳಿಯುವದೋ ಅದೇ ಮುಂದಾಳು. ಬಲಗಣ್ಣು ಮುಂದಾಳಾದವಳು ಎಡಗೈಯಿಂದ ಬಿಲ್ಲನ್ನು ಹಿಡಿದು ಬಲಗೈಯಿಂದ ಹೆದೆಯನ್ನು ಎಳೆಯಬೇಕು. ಅಂಗಡಿಯಲ್ಲಿ ಬಲಗೈಯ ಬಿಲ್ಲೆಂದರೆ ಇದೇ. ಹಿಡಿಯುವ ಕೈಯೆಂದು ತಪ್ಪು ತಿಳಿದು ಎಡದ್ದನ್ನು ತಂದವರಿದ್ದಾರೆ. ಬಲಗೈಯಿಂದ ಬರೆಯುವ ಹುಡುಗಿಗೆ ಎಡಗಣ್ಣು ಮುಂದಾಳಾಗಿರುವದೂ ಉಂಟು. ಆಗ ಗುರುಗಳನ್ನು ಕೇಳದೆ ಕೊಳ್ಳಬಾರದು.

ಕೈಯಳತೆಯು ಇನ್ನೂ ಸುಲಭ. ಹುಡುಗಿಯು ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈಗಳನ್ನು ಅಡ್ಡ ಚಾಚಲಿ. ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯ ವರೆಗೆ ಅಳೆದು, ಬಂದುದನ್ನು ಎರಡೂವರೆಯಿಂದ ಭಾಗಿಸಿರಿ. ೧೬೦ ಸೆಂಟಿಮೀಟರು ಬಂದರೆ ಅವಳ ಎಳೆತವು ೬೪ ಸೆಂಟಿಮೀಟರು, ಅಂದರೆ ೨೫ ಇಂಚು. ಇದು ಅಂದಾಜು, ಆದರೆ ಮೊದಲನೆಯ ಬಿಲ್ಲಿಗೆ ಅಂದಾಜು ಸಾಕು. ಎಳೆತವು ೨೪ ಇಂಚಿಗಿಂತ ಕಡಿಮೆಯಿದ್ದರೆ ೬೨ ಇಂಚಿನ ಅಥವಾ ಅದಕ್ಕೂ ಗಿಡ್ಡಾದ ಬಿಲ್ಲು, ೨೪ರಿಂದ ೨೬ರ ವರೆಗೆ ೬೪ ಇಲ್ಲವೆ ೬೬, ೨೬ರ ಮೇಲೆ ೬೮ ಹೊಂದುವದು. ಎರಡರ ನಡುವೆ ಸಂಶಯ ಬಂದಲ್ಲಿ ಉದ್ದಾದುದನ್ನೇ ತೆಗೆದುಕೊಳ್ಳಿರಿ, ಯಾಕಂದರೆ ಗಿಡ್ಡ ಬಿಲ್ಲಿನ ಹೆದೆಯು ಚೂಪಾಗಿ ಬಾಗಿ ಬೆರಳುಗಳನ್ನು ಹಿಂಡುವದು. ತೂಕದ ವಿಷಯದಲ್ಲಿ ಮಾತ್ರ ಸಂಶಯ ಬಂದಾಗ ಕಡಿಮೆಯದನ್ನೇ. ಹತ್ತು ಹನ್ನೆರಡು ವರ್ಷದವಳಿಗೆ ೧೨ರಿಂದ ೧೬, ಹೈಸ್ಕೂಲಿನ ಹುಡುಗಿಗೆ ೧೬ರಿಂದ ೨೦, ಕಲಿಯಬಯಸುವ ತಾಯಂದಿರಿಗೆ ೧೮ರಿಂದ ೨೪ ಎಂದು ಬರೆದಿರುವ ಬಿಲ್ಲುಗಳು ಸಾಕು. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿರಿ: ಹುಡುಗಿಯು ನೆಟ್ಟಗೆ ನಿಂತು ಹೆದೆಯನ್ನು ಗದ್ದದ ವರೆಗೆ ಎಳೆದು, ನೀವು ಸಾವಕಾಶವಾಗಿ ಹತ್ತು ಎಣಿಸುವ ವರೆಗೆ ಹಿಡಿದು, ಬಾಣವಿಲ್ಲದ್ದರಿಂದ ಹೆದೆಯನ್ನು ಬಿಡದೆ ಮೆಲ್ಲಗೆ ಹಿಂದಕ್ಕೆ ತರಲಿ. ಸ್ವಲ್ಪ ಸ್ವಲ್ಪ ದಣಿವಾರಿಸಿಕೊಂಡು ಆರು ಸಲ ಹೀಗೆ ಮಾಡಲಿ. ಆರನೆಯ ಸಲವೂ ಮೊದಲನೆಯದರಂತೆ ಹೆಗಲೇರದೆ, ಕೈ ನಡುಗದೆ ನಿಂತರೆ ಆ ಬಿಲ್ಲು ಅವಳದು. ಮುಖವನ್ನೂ ನೋಡಿರಿ. ಹಲ್ಲು ಕಚ್ಚಿದ್ದರೆ ಆ ಬಿಲ್ಲು ಬೇಡ.

ಬಿಲ್ಲಿನ ಜಾತಿಯ ವಿಷಯವಾಗಿ ಬಹಳ ಹೇಳಬೇಕಾಗಿಲ್ಲ. ರಿಕರ್ವ್ ಎಂಬುವ ಬಿಲ್ಲಿನ ತುದಿಗಳು ಬಿಲ್ಲುಗಾರನಿಂದ ಆಚೆಗೆ ಹೊರಳಿರುವವು. ಅದರಿಂದ ಎಳೆತವು ಮೃದುವಾಗಿ, ಬಾಣಕ್ಕೆ ವೇಗವು ಹೆಚ್ಚಾಗಿ ದೊರೆಯುವದು. ೧೯೭೨ರಲ್ಲಿ ಬಿಲ್ವಿದ್ಯೆಯು ಒಲಿಂಪಿಕ್ಕಿಗೆ ತಿರುಗಿ ಬಂದಾಗಿನಿಂದ ೨೦೨೪ರ ಪ್ಯಾರಿಸಿನ ವರೆಗೂ ಅಲ್ಲಿ ನಡೆದದ್ದು ಈ ಬಿಲ್ಲೊಂದೇ. ಗಾಲಿಗಳುಳ್ಳ ಕಾಂಪೌಂಡ್ ಬಿಲ್ಲು ಮೊಬೈಲಿನ ಚಿತ್ರಗಳಲ್ಲಿ ಹುಡುಗರ ಕಣ್ಣನ್ನು ಬಹಳ ಸೆಳೆಯುವದು. ಕ್ರಯವೂ ಹೆಚ್ಚು, ರಿಪೇರಿಯೂ ತೊಡಕು. ಮೊದಲನೆಯ ಬಿಲ್ಲಾಗಿ ನಾನು ಅದನ್ನು ಒಪ್ಪಲಾರೆ. ರಿಕರ್ವಿನಲ್ಲಿಯೂ ಬಿಡಿಸಿ ಜೋಡಿಸುವಂಥದನ್ನೇ ಕೊಳ್ಳತಕ್ಕದ್ದು. ನಡುವೆ ಮರದ ಹಿಡಿಕೆ, ಮೇಲೊಂದು ಕೆಳಗೊಂದು ತೋಳು, ಎರಡು ತಿರುಪುಗಳು. ಈ ತೋಳುಗಳಿಗೆ ಇಂಗ್ಲಿಷಿನಲ್ಲಿ ಲಿಂಬ್ ಎನ್ನುವರು. ಶಿಕ್ಷಕಿಯವರು ‘ಲಿಂಬ್ ತಗೊಂಡು ಬಾ’ ಎಂದಾಗ ಐದನೆಯ ಇಯತ್ತೆಯವಳೊಬ್ಬಳು ಅಡಿಗೆಮನೆಗೆ ಓಡಿ ಎರಡು ಲಿಂಬೀಹಣ್ಣುಗಳನ್ನು ತಂದುಕೊಟ್ಟಳು. ಇರಲಿ. ಹುಡುಗಿಗೆ ಬಲ ಬಂದಂತೆ ಹಿಡಿಕೆಯನ್ನು ಉಳಿಸಿಕೊಂಡು ತೋಳುಗಳನ್ನಷ್ಟೇ ಬದಲಿಸಿದರೆ ಸಾಕು. ಒಂದು ಸಲಕ್ಕೆ ಎರಡು ಪೌಂಡು, ಬಹಳವಾದರೆ ನಾಲ್ಕು. ಅಂಗಿಯ ಅಂಚನ್ನು ಬಿಚ್ಚುವಂತೆ ಬಿಲ್ಲನ್ನು ಬೆಳಿಸುವ ಮಾರ್ಗವು ಇದೊಂದೇ. ಕೊಳ್ಳುವಾಗಲೇ ಅದೇ ಹಿಡಿಕೆಗೆ ಬೇರೆ ತೂಕದ ತೋಳುಗಳು ದೊರೆಯುವವೋ ಎಂದು ಅಂಗಡಿಯವರನ್ನು ಕೇಳಿಕೊಳ್ಳಬೇಕು. ಐ.ಎಲ್.ಎಫ್. ಎಂಬ ಜೋಡಣೆಯುಳ್ಳ ಲೋಹದ ಹಿಡಿಕೆಗೆ ಬೇರೆ ಬೇರೆ ಕಾರಖಾನೆಗಳ ತೋಳುಗಳೂ ಕೂಡ್ರುವವು. ಅದು ಎರಡನೆಯ ವರ್ಷವನ್ನು ದಾಟಿದವರಿಗೆ.

ಬಿಲ್ಲಿನಲ್ಲಿ ಉಳಿದ ಹಣವನ್ನು ಸಣ್ಣ ಸಾಮಾನುಗಳಿಗೆ ಹಾಕಿರಿ. ಮುಂದೋಳಿಗೆ ತೊಗಲಿನ ಪಟ್ಟಿ, ಬೆರಳಿಗೆ ತೊಗಲಿನ ರಕ್ಷೆ, ಹೆದೆಯೇರಿಸುವ ಹಗ್ಗ. ಈ ಹಗ್ಗವಿಲ್ಲದೆ ಬಿಲ್ಲನ್ನು ಕಾಲಿನ ನಡುವೆ ಸಿಕ್ಕಿಸಿ ಬಾಗಿಸುವವರ ಕೈಯಲ್ಲಿ ತೋಳುಗಳು ತಿರುಚಿ ಕೆಡುವವು. ಬಾಣಗಳು ಹುಡುಗಿಯ ಎಳೆತಕ್ಕಿಂತ ಎರಡು ಮೂರು ಇಂಚಾದರೂ ಉದ್ದವಾಗಿರಬೇಕು. ಗಿಡ್ಡ ಬಾಣವು ಎಳೆಯುವಾಗ ಹಿಡಿಕೆಯಿಂದ ಹಿಂದಕ್ಕೆ ಜಾರಿದರೆ ಕೈಗೇ ನೆಡುವದು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವ ಆಟವನ್ನು ಮನೆಯಲ್ಲಿ ಯಾರಿಗೂ ಆಡಗೊಡಬೇಡಿರಿ. ಬಾಣಕ್ಕೆ ಹೋಗಬೇಕಾದ ಬಲವು ತೋಳುಗಳಿಗೇ ಬಡಿದು ಅವು ಸೀಳುವವು. ಕೆಲಸ ಮುಗಿದ ಮೇಲೆ ಹೆದೆಯನ್ನು ಇಳಿಸಿಡಬೇಕು. ನಮ್ಮ ಕಲಘಟಗಿ ಸೀಮೆಯ ಮಳೆಗಾಲದ ತಂಪೂ ಬೇಸಿಗೆಯ ತಗಡಿನ ಮನೆಯ ಕಾವೂ ಬಿಲ್ಲಿಗೆ ಶತ್ರುಗಳು. ಗುರಿಗೆ ನಾವು ಭತ್ತದ ಹುಲ್ಲನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದೇವೆ. ಅದರ ಹಿಂದೆ ಮಣ್ಣಿನ ದಿಬ್ಬ. ಒಲಿಂಪಿಕ್ಕಿನ ಗುರಿಯು ೭೦ ಮೀಟರು ದೂರದಲ್ಲಿದ್ದು ಅದರ ಅಗಲವು ೧೨೨ ಸೆಂಟಿಮೀಟರು; ನಮ್ಮ ಹೊಸ ಹುಡುಗಿಯರು ಹತ್ತು ಹೆಜ್ಜೆಯ ಮೇಲೆ ನಿಲ್ಲುವರು. ಅಷ್ಟು ದೂರಕ್ಕೆ ಹಗುರಾದ ಬಿಲ್ಲು ಬೇಕಾದಷ್ಟಾಯಿತು.

ಬಿದಿರಿನ ಬಿಲ್ಲು ಸಾಲದೇ ಎಂದು ಕೇಳುವವರಿಗೆ, ಸಾಲುವದು ಎಂತಲೇ ಹೇಳುವೆನು. ನಮ್ಮ ದೇಶದ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಎಂಬ ವರ್ಗವೇ ಇದ್ದು, ಮರದ ಮತ್ತು ಬಿದಿರಿನ ಬಿಲ್ಲುಗಳಿಂದ ೫೦ ಮತ್ತು ೩೦ ಮೀಟರುಗಳ ಗುರಿಗೆ ಹೊಡೆಯುವರು; ಶಾಲೆಯ ಮಕ್ಕಳ ಪಂದ್ಯಗಳಲ್ಲಿಯೂ ಅದುಂಟು. ರಾಂಚಿಯ ಬಳಿಯಲ್ಲಿ ೧೯೯೪ರಲ್ಲಿ ಹುಟ್ಟಿದ, ಆಟೋರಿಕ್ಷಾ ನಡಿಸುವವರ ಮಗಳಾದ ದೀಪಿಕಾ ಕುಮಾರಿಯು ಮೊದಲು ಹಿಡಿದದ್ದು ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲನ್ನೇ. ೨೦೦೫ರಲ್ಲಿ ಖರಸಾವಾದ ಅಕಾಡೆಮಿಯನ್ನೂ ಮರುವರ್ಷ ಜಮಶೇಡಪುರದ ಟಾಟಾ ಅಕಾಡೆಮಿಯನ್ನೂ ಸೇರಿದಳು. ೨೦೧೦ರ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಹದಿನಾರು ವರ್ಷದ ಆ ಹುಡುಗಿಯು ಎರಡು ಬಂಗಾರದ ಪದಕಗಳನ್ನು ಗೆದ್ದಳು. ೨೦೧೨ರಲ್ಲಿ ಜಗತ್ತಿನ ಮೊದಲನೆಯ ಕ್ರಮಾಂಕಕ್ಕೆ ಏರಿದಳು. ಬಿದಿರಿನ ಬಿಲ್ಲಿನಲ್ಲಿ ಕೊರತೆಯೆಂದರೆ ಅದರ ಭಾರವು ಮಾಡಿದವನ ಕೈಯಲ್ಲಿರುವದು. ಅದಕ್ಕೆ ಅಂಕೆಯಿಲ್ಲ, ಬದಲಿಸುವ ತೋಳುಗಳಿಲ್ಲ. ಆದ್ದರಿಂದ ಬಿದಿರನ್ನು ಕೊಳ್ಳುವವರೂ ಹತ್ತು ಎಣಿಸುವ ಪರೀಕ್ಷೆಯನ್ನು ಬಿಡಬಾರದು.

ಮೈಗೆ ತಕ್ಕ ಬಿಲ್ಲು ಎಂಬುದಕ್ಕೆ ಇನ್ನೂ ದೊಡ್ಡ ಉದಾಹರಣೆಯು ಬೇಕಾದರೆ ಜಮ್ಮು-ಕಾಶ್ಮೀರದ ಕಿಷ್ತವಾಡ ಜಿಲ್ಲೆಯ ಶೀತಲ್ ದೇವಿಯನ್ನು ನೋಡಿರಿ. ತೋಳುಗಳಿಲ್ಲದೆ ಹುಟ್ಟಿದವಳು. ಕಾಲಿನಿಂದ 
ಬಿಲ್ಲನ್ನು ಹಿಡಿದು ಹೆಗಲಿನಿಂದ ಹೆದೆಯನ್ನು ಎಳೆಯುವಳು. ಅವಳದು ಕಾಂಪೌಂಡ್ ಬಿಲ್ಲು; ೨೦೨೪ರ ಪ್ಯಾರಿಸಿನ ಪ್ಯಾರಾಲಿಂಪಿಕ್ಕಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಜೊತೆಗಾರನೊಡನೆ ಕಂಚಿನ ಪದಕವನ್ನು ಪಡೆದಳು. ಅವಳಿಗೆ ಕಲಿಸಿದವರು ಬಿಲ್ಲನ್ನು ಹುಡುಗಿಗೆ ಹೊಂದಿಸಿದರು. ನಾನು ಹುಡುಗಿಯನ್ನು ಬಿಲ್ಲಿಗೆ ಹೊಂದಿಸಲು ಹೋಗಿದ್ದೆನು.

ಹೆಣ್ಣುಮಕ್ಕಳಿಗೆ ಬಿಲ್ಲು ಯಾತಕ್ಕೆ ಎಂಬವರು ಊರಲ್ಲಿ ಇನ್ನೂ ಇಬ್ಬರು ಮೂವರಿದ್ದಾರೆ. ಅವರು ಬೇಲೂರಿಗೆ ಪ್ರವಾಸ ಹೋದಾಗ ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ನೋಡಿಕೊಂಡು ಬರಲಿ. ವಯಸ್ಸಾಯಿತೆನ್ನುವ ತಾಯಂದಿರಿಗೂ ಒಂದು ಮಾತು: ೧೯೦೮ರ ಲಂಡನ್ ಒಲಿಂಪಿಕ್ಕಿನಲ್ಲಿ ಬಂಗಾರದ ಪದಕವನ್ನು ಗೆದ್ದ ಇಂಗ್ಲೆಂಡಿನ ಕ್ವೀನಿ ನ್ಯೂವಲ್ ಎಂಬಾಕೆಗೆ ಆಗ ೫೩ ವರ್ಷ. ನನಗೆ ಇನ್ನೂ ಐವತ್ತು ಆಗಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ೧೮ರ ಬಿಲ್ಲಿನಿಂದ ನಾನೂ ಹನ್ನೆರಡು ಬಾಣ ಬಿಡುತ್ತೇನೆ. ಹುಲ್ಲಿನ ಗುರಿಗೆ ಏಳೆಂಟು ತಗಲುವವು. ಉಳಿದವುಗಳನ್ನು ದಿಬ್ಬದಲ್ಲಿ ಹುಡುಕಿ ತರುವ ಹುಡುಗಿಯರು ನಗುವದನ್ನು ಕೇಳಿಯೂ ಕೇಳದಂತಿರುವೆನು.

ಈಗ ಕಾಣಿಕೆಯ ಮಾತಿಗೆ ತಿರುಗಿ ಬರೋಣ. ಸಭೆಯಲ್ಲಿ ನೆನೆದಂಥ ಬಿಲ್ಲು, ಅದರ ಎಲ್ಲ ಸಾಮಾನುಗಳೊಡನೆ, ಲಕ್ಷ ರೂಪಾಯಿಗಳನ್ನು ಮೀರುವದು. ಬಿಡಿಸಿ ಜೋಡಿಸುವ ಮರದ ಬಿಲ್ಲಿಗೆ ಕೆಲವು ಸಾವಿರ ಸಾಕು. ಲಕ್ಷದ ಬಿಲ್ಲು ಬಂದರೆ ಏನಾಗುವದೆಂದು ಶಾಲೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅದು ಕಪಾಟನ್ನು ಸೇರುವದು. ಕೀಲಿಯು ನನ್ನ ಸೆರಗಿಗೆ ಬರುವದು. ಅತಿಥಿಗಳು ಬಂದಾಗ ಹೊರಗೆ ಬಂದು ಮತ್ತೆ ಒಳಗೆ ಹೋಗುವದು. ನನ್ನ ಶಾಲೆಯಲ್ಲಿ ಹಾಗಾಗದೆಂದು ನಾನು ಮಾತು ಕೊಡಲಾರೆ. ಹೆಚ್ಚು ಮುಂದುವರಿದ ಹುಡುಗಿಯೊಬ್ಬಳು ಎದ್ದರೆ ಅವಳಿಗಾಗಿ ಅಂಥ ಬಿಲ್ಲನ್ನು ಕೇಳಲು ನಾನೇ ನಿಮ್ಮ ಮನೆಬಾಗಿಲಿಗೆ ಬರುವೆನು. ಆಗ ಕೆತ್ತಿಸಲು ನಿಮ್ಮ ವರ್ಷದ ಸಂಗಡ ಅವಳ ಹೆಸರೂ ಇರುವದು. ಈಗ ನಮ್ಮಲ್ಲಿ ೨೬ ಹುಡುಗಿಯರಿಗೆ ಎಳೆಯಲು ಬರುವಂಥ ಬಿಲ್ಲುಗಳು ಐದೇ. ಒಬ್ಬಳು ಬಾಣ ಬಿಡುವಾಗ ಉಳಿದವರು ಸಾಲುಗಟ್ಟಿ ನಿಂತು ಕತ್ತಲಾಗುವದನ್ನು ನೋಡುತ್ತಿರುವರು. ದೂರದ ಹಳ್ಳಿಯವರು ಬಸ್ಸು ತಪ್ಪುವದೆಂದು ಒಂದು ಬಾಣವನ್ನೂ ಬಿಡದೆ ಹೋಗುವ ದಿವಸಗಳುಂಟು.

ನನಗೆ ಬೇಕಾದದ್ದು ೬೨, ೬೬ ಮತ್ತು ೬೮ ಇಂಚಿನ ಹಿಡಿಕೆ-ತೋಳುಗಳು, ೧೪ರಿಂದ ೨೦ರ ವರೆಗಿನ ತೂಕದವು, ಎರಡಾದರೂ ಎಡಗೈಯವು. ೩೦ರ ಎಂಟು ತೋಳುಗಳು ನನ್ನ ಕಪಾಟಿನಲ್ಲಿ ಅರಿವೆಯಲ್ಲಿ ಸುತ್ತಿ ಇಟ್ಟಿರುವವು. ಕೂಟಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಆರು ಸಲ ಹತ್ತು ಎಣಿಸುವ ವರೆಗೆ ಅವುಗಳನ್ನು ಹಿಡಿದರೆ ಸಂತೋಷದಿಂದ ಕೊಟ್ಟುಬಿಡುವೆನು. ಮಗಳ ಕೈಯಳತೆಯನ್ನು ತೆಗೆಯಿಸಬೇಕೆನ್ನುವ ಪಾಲಕರು ಶನಿವಾರ ಮಧ್ಯಾಹ್ನ ಬರಬೇಕು. ಶಾಲೆಯ ಪಡಸಾಲೆಯ ಗೋಡೆಯ ಮೇಲೆ ಶಿಕ್ಷಕಿಯವರು ಸೀಸದ ಕಡ್ಡಿಯಿಂದ ಗೆರೆ ಹಾಕಿದ್ದಾರೆ. ಆ ಗೋಡೆಯ ಮೇಲೆ ನಾನು ಅಳಿಸಗೊಡದ ಒಂದು ಹಳೆಯ ಗುರುತುಂಟು, ೧೪೮ ಸೆಂಟಿಮೀಟರಿನದು. ಆ ಹುಡುಗಿ ಈಗ ಹತ್ತನೆಯ ಇಯತ್ತೆಯಲ್ಲಿ ಇದ್ದಾಳೆ. ಸಾಯಂಕಾಲ ಬಯಲಿನ ಬೇಲಿಯ ಆಚೆಯಿಂದ ಮನೆಗೆ ಹೋಗುವಾಗ ಒಂದು ಗಳಿಗೆ ನಿಲ್ಲುತ್ತಾಳೆಂದು ಶಿಕ್ಷಕಿಯವರು ಹೇಳಿದರು. ೬೨ ಇಂಚಿನ, ೧೬ರ ಬಿಲ್ಲೊಂದನ್ನು ಹೆದೆ ಇಳಿಸಿ ಬೇರೆ ಇಟ್ಟಿದ್ದೇವೆ.